ಸಹಾಯ ಬೇಕು: ಅಮ್ಮನ ಮಂಡಿನೋವು, ಸೀನಾಯಿ ಬೆಟ್ಟ

ಎಲ್ಲರಿಗೂ ನಮಸ್ಕಾರ. ನಾವು ಬಳ್ಳಾರಿಯವರು. ನಮ್ಮ ಚರ್ಚಿನಿಂದ ಮೂವತ್ತು ಜನ ಜೋರ್ಡಾನ್, ಇಸ್ರೇಲ್, ಈಜಿಪ್ಟ್ ಯಾತ್ರೆಗೆ ಹೊರಟಿದ್ದಾರೆ. ಅಮ್ಮನೂ ಹೆಸರು ಕೊಟ್ಟಿದ್ದಾರೆ. ವಯಸ್ಸು 67. ಪಾಸ್‌ಪೋರ್ಟ್ ಬಂದಿದೆ, ದುಡ್ಡೂ ಕಟ್ಟಿದ್ದೇವೆ. ತೊಂದರೆ ಮಂಡಿಯದು. ಮನೆಯ ಮೂರು ಮೆಟ್ಟಿಲು ಹತ್ತೋಕೂ ಗೋಡೆ ಹಿಡೀತಾರೆ.

ಯೇಸು ಹುಟ್ಟಿದ ಊರು ಬೇತ್ಲೆಹೇಮಿನ ಚರ್ಚಿನ ಬಾಗಿಲು ಸುಮಾರು ನಾಲ್ಕೇ ಅಡಿ ಎತ್ತರ. ಅದು ಬಿಡಿ, ಬಗ್ಗಿ ಹೋಗ್ತಾರೆ. ಭಯ ಇರೋದು ಈಜಿಪ್ಟಿನ ಸೀನಾಯಿ ಬೆಟ್ಟದ್ದು, ದೇವರು ಮೋಶೆಗೆ ಹತ್ತು ಆಜ್ಞೆ ಕೊಟ್ಟ ಬೆಟ್ಟ ಅಂತಾರಲ್ಲ, ಅದು. 2,285 ಮೀಟರ್! ನಡುರಾತ್ರಿ ಹೊರಟು ಸೂರ್ಯ ಹುಟ್ಟೋ ಹೊತ್ತಿಗೆ ತುದಿ ಸೇರಬೇಕಂತೆ. ಒಂಟೆ ಮೇಲೆ ಹೋದರೂ ಕೊನೆಯ 750ರಷ್ಟು ಕಲ್ಲುಮೆಟ್ಟಿಲು ನಡೆದೇ ಹತ್ತಬೇಕು. "ಮೋಶೆ ಹತ್ತಿಲ್ವಾ?" ಅಂತಾರೆ ಅಮ್ಮ. ಮೋಶೆಗೆ ಮಂಡಿನೋವು ಇತ್ತಾ ಅಂತ ಕೇಳಿ ಬೈಸಿಕೊಂಡೆ.

ಏಜೆಂಟರನ್ನು ಕೇಳಿದರೆ "ಎಲ್ಲಾ ಆಗುತ್ತೆ ಮೇಡಂ" ಅಷ್ಟೇ. ಹೋಗಿ ಬಂದವರು ದಯವಿಟ್ಟು ಹೇಳಿ. ಬೆಟ್ಟ ಹತ್ತದವರು ಹೋಟೆಲಲ್ಲೇ ಉಳಿದು, ಬೆಳಿಗ್ಗೆ ಕೆಳಗಿನ ಸಂತ ಕ್ಯಾಥರೀನ್ ಮಠವನ್ನಷ್ಟೇ ನೋಡಬಹುದಾ? ಯೆರೂಸಲೇಮಿನ ಶಿಲುಬೆ ಹಾದಿಯಲ್ಲಿ (ಯೇಸು ಶಿಲುಬೆ ಹೊತ್ತು ನಡೆದ ದಾರಿ ಅಂತಾರಲ್ಲ, ಅದು) 14 ಸ್ಥಳಕ್ಕೂ ನಡೀಬೇಕಲ್ವಾ, ಅಲ್ಲಿ ಗಾಲಿಕುರ್ಚಿ ತಳ್ಳೋಕಾಗುತ್ತಾ, ಇಲ್ಲ ಕೋಲೇ ವಾಸಿನಾ? ಚಳಿಗೆ ಸ್ವೆಟರ್ ಒಂದು ಸಾಕಾ? ನಮ್ಮ ಬಳ್ಳಾರಿ ಬಿಸಿಲಲ್ಲಿ ಬೆಳೆದ ಜೀವ ಅದು.