ಸಹಾಯ ಬೇಕು: ಪಿಜಿ_ಸ್ಟ್ಯಾಟ್_ಸ್ಟೇಟ್‌ಮೆಂಟ್ಸ್‌ನಲ್ಲಿ ಒಂದೇ ಕ್ವೆರಿಗೆ ನೂರಾರು ಸಾಲು

ಪೋಸ್ಟ್‌ಗ್ರೆಸ್ 15 ಡೇಟಾಬೇಸ್; ಪಿಜಿ_ಸ್ಟ್ಯಾಟ್_ಸ್ಟೇಟ್‌ಮೆಂಟ್ಸ್ ಅಂದರೆ ಓಡಿದ ಕ್ವೆರಿಗಳ ಲೆಕ್ಕ ಇಡುವ ಅದರ ಎಕ್ಸ್‌ಟೆನ್ಷನ್. ಓಆರ್‌ಎಂ (ಕೋಡ್‌ನಿಂದ ಎಸ್‌ಕ್ಯೂಎಲ್ ಕಟ್ಟುವ ಲೈಬ್ರರಿ) ಕಳಿಸುವ 'ಇನ್' (IN) ಪಟ್ಟಿಯ ಉದ್ದ ಪ್ರತಿ ಸಲ ಬೇರೆ. ಮೌಲ್ಯಗಳ ಜಾಗದಲ್ಲಿ $1, $2 ಬರುತ್ತವೆ, ಸರಿ. ಆದರೆ ಕ್ವೆರಿಐಡಿ (ಕ್ವೆರಿಯ ಗುರುತು ಸಂಖ್ಯೆ) ಹುಟ್ಟುವುದು ಪಾರ್ಸ್ ಟ್ರೀಯಿಂದ, ಅಂದರೆ ಕ್ವೆರಿಯ ರಚನೆಯಿಂದ, ಹಾಗಾಗಿ 3 ಐಟಂಗೊಂದು ಸಾಲು, 4ಕ್ಕೆ ಇನ್ನೊಂದು. ಸಾಲುಗಳ ಮಿತಿಯಾದ ಮ್ಯಾಕ್ಸ್ ಡೀಫಾಲ್ಟ್ 5000ದಲ್ಲೇ ಇದೆ. ಅದು ತುಂಬಿ, ಪಿಜಿ_ಸ್ಟ್ಯಾಟ್_ಸ್ಟೇಟ್‌ಮೆಂಟ್ಸ್_ಇನ್ಫೋದಲ್ಲಿ ಡೀಅಲಾಕ್ (ಸಾಲುಗಳನ್ನು ಹೊರಹಾಕಿದ ಸಲಗಳ ಎಣಿಕೆ) ಏರುತ್ತಲೇ ಇದೆ. ಅಂದರೆ ಕಡಿಮೆ ಓಡಿದ ಕ್ವೆರಿಗಳ ಲೆಕ್ಕ ಬಿದ್ದುಹೋಗುತ್ತಿದೆ.

ರೆಜೆಕ್ಸ್‌ನಿಂದ (ಪಠ್ಯದ ಮಾದರಿ ಹುಡುಕುವ ಸೂತ್ರ) ಪಟ್ಟಿಯನ್ನು ಮಡಚಿ ಗ್ರೂಪ್ ಮಾಡಿದರೂ ಸಾಲುಗಳು ಪೂರ್ತಿ ಕೂಡುತ್ತಿಲ್ಲ: ಪಟ್ಟಿಯ ನಂತರದ ಷರತ್ತು ಒಂದರಲ್ಲಿ $4, ಇನ್ನೊಂದರಲ್ಲಿ $5. ಉಳಿದ ಡಾಲರ್ ಸಂಖ್ಯೆಗಳನ್ನೆಲ್ಲ ಪ್ರಶ್ನಾರ್ಥಕ ಚಿಹ್ನೆ ಮಾಡಿದ ಮೇಲೆ ಕೂಡಿದವು. ಸರಾಸರಿಗಳ ಸರಾಸರಿ ತೆಗೆಯುತ್ತಿಲ್ಲ. ಒಟ್ಟು ಸಮಯದ ಮೊತ್ತವನ್ನು ಕಾಲ್ಸ್ (ಎಷ್ಟು ಸಲ ಓಡಿತು) ಮೊತ್ತದಿಂದ ಭಾಗಿಸುತ್ತಿದ್ದೇನೆ. ಆದರೆ ಈಗಾಗಲೇ ಹೊರಬಿದ್ದ ಸಾಲುಗಳನ್ನು ರೆಜೆಕ್ಸ್ ತಂದುಕೊಡುವುದಿಲ್ಲವಲ್ಲ!

ಪೋಸ್ಟ್‌ಗ್ರೆಸ್ 18ರಲ್ಲಿ ಸ್ಥಿರಾಂಕಗಳ ಪಟ್ಟಿ ಒಂದೇ ಸಾಲಾಗುತ್ತದೆ ಎಂಬುದು ಗೊತ್ತು, ಆದರೆ ಅಪ್‌ಗ್ರೇಡ್ ಸದ್ಯಕ್ಕಿಲ್ಲ. ಮ್ಯಾಕ್ಸ್ ಏರಿಸಲು ಸರ್ವರ್ ರೀಸ್ಟಾರ್ಟ್ ಬೇಕು, ಮೆಮೊರಿಯೂ ಹೋಗುತ್ತದೆ. ನನಗೆ ಅದು ತೇಪೆ ಹಚ್ಚಿದಂತೆ ಅನ್ನಿಸುತ್ತದೆ.

ಇನ್ ಬಿಟ್ಟು, ಅರೇಯನ್ನು ಒಂದೇ ಪ್ಯಾರಾಮೀಟರ್ ಆಗಿ 'ಎನಿ'ಗೆ (ANY) ಕೊಡುವಂತೆ ಬದಲಿಸಿದವರು ಇದ್ದೀರಾ? ದೊಡ್ಡ ಟೇಬಲ್‌ನಲ್ಲಿ ಮೌಲ್ಯ ನೋಡದೆ ಮಾಡಿಟ್ಟ ಜೆನೆರಿಕ್ ಪ್ಲಾನ್‌ಗೆ ಜಾರಿ, ಸಾಲುಗಳ ಅಂದಾಜು ಕೆಟ್ಟಿತೇ? ಪ್ಲಾನ್ ಆಯ್ಕೆಯ ಸೆಟ್ಟಿಂಗ್ ಆದ ಪ್ಲಾನ್_ಕ್ಯಾಶ್_ಮೋಡ್ ಮುಟ್ಟಬೇಕಾಯಿತೇ? ಎಕ್ಸ್‌ಪ್ಲೇನ್ ಅನಲೈಜ್ ಔಟ್‌ಪುಟ್ ಇದ್ದರೆ ದಯವಿಟ್ಟು ಹಾಕಿ.