ಒಂದು ಲಕ್ಷ ಮಿಡಿಗೆ ಕೈ ಹಾಕಬಹುದಾ? ಅನುಭವ ಇದ್ದವರು ಹೇಳಿ

ಭರಣಿ ಮನೆ, ಹೊಸನಗರ:
ನಮ್ಮದು ಬಿದನೂರು ನಗರದ ಹತ್ತಿರ ಹಳ್ಳಿ. ನಾನು, ಅಮ್ಮ, ಅತ್ತಿಗೆ ಸೇರಿ ಆರು ವರ್ಷದಿಂದ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತಿದ್ದೇವೆ. ಕಳೆದ ವರ್ಷ 38 ಸಾವಿರ ಮಿಡಿ ಹಾಕಿದೆವು. ದೀಪಾವಳಿಗೆ ಮುಂಚೆಯೇ ಖಾಲಿ. ಈಗ ಬೆಂಗಳೂರಿನ ಒಂದು ಅಂಗಡಿ ಸಾಲಿನವರು ವರ್ಷಪೂರ್ತಿ ಕೊಡಿ ಅನ್ನುತ್ತಿದ್ದಾರೆ. ಅದಕ್ಕೆ ಕಡಿಮೆ ಅಂದರೂ ಒಂದು ಲಕ್ಷ ಮಿಡಿ ಬೇಕು. ದುಡ್ಡು 60 ದಿನದ ಮೇಲೆ. ಸಬ್ಸಿಡಿ ಸಾಲ ತೆಗೆದು ಶೆಡ್ ಹಾಕೋಣ ಅಂತ ಅಣ್ಣ. ಅಮ್ಮನಿಗೆ ಮನಸ್ಸಿಲ್ಲ. ನನ್ನದು ಎರಡೇ ಪ್ರಶ್ನೆ. ಸಾಲ ತೆಗೆಯಬಹುದಾ? ಭರಣಿ ಬಿಟ್ಟು ದೊಡ್ಡ ಡ್ರಮ್ಮಿಗೆ ಹೋದರೆ ಮಿಡಿ ಮೆತ್ತಗಾಗುತ್ತದಾ? ಸಂಕ್ರಾಂತಿ ಒಳಗೆ ಅವರಿಗೆ ಉತ್ತರ ಹೇಳಬೇಕು.

ಹಾಳೆ ತಟ್ಟೆ, ತೀರ್ಥಹಳ್ಳಿ:
ಬೇಡ. ಮೊದಲು ಬೇಡ ಅಂತ ಹೇಳಿಬಿಡುತ್ತೇನೆ, ಕತೆ ಆಮೇಲೆ.

2019ರಲ್ಲಿ ಅಡಿಕೆ ಹಾಳೆ ತಟ್ಟೆ ಒತ್ತುವ ಎರಡು ಪ್ರೆಸ್ಸಿನಿಂದ ಶುರು ಮಾಡಿದೆ. ಸುಖವಾಗಿದ್ದೆ. 2023ರಲ್ಲಿ ಎಂಟು ಪ್ರೆಸ್ಸಿಗೆ ಹೋದೆ. ಹೊಸ ಘಟಕ ಅಂತ ತೋರಿಸಿ ಪಿಎಂಇಜಿಪಿ ಸಾಲ, ಅಂದರೆ ಕೇಂದ್ರದ ಸಬ್ಸಿಡಿ ಸಾಲ. ಪ್ರಾಜೆಕ್ಟ್ 18 ಲಕ್ಷ. ಕೈಯಿಂದ 1.8 ಲಕ್ಷ. ಹಳ್ಳಿ, ಸಾಮಾನ್ಯ ವರ್ಗ, ಹಾಗಾಗಿ ಸಬ್ಸಿಡಿ 25 ಪರ್ಸೆಂಟ್, ಅಂದರೆ 4.5 ಲಕ್ಷ. ಊರೆಲ್ಲ 'ಇವನಿಗೆ ಸರ್ಕಾರ ನಾಲ್ಕೂವರೆ ಲಕ್ಷ ಕೊಟ್ಟಿತು' ಅಂತ ಮಾತಾಡಿತು. ನನ್ನ ಕೈಗೆ ಒಂದು ರೂಪಾಯಿ ಬರಲಿಲ್ಲ. ಅದು ಬ್ಯಾಂಕಿನಲ್ಲೇ ಮೂರು ವರ್ಷ ಕೂತಿರುತ್ತದೆ.

ರಿಪೋರ್ಟಿನಲ್ಲಿ ಇಲ್ಲದ ಖರ್ಚು ಕೇಳಿ. ತ್ರೀಫೇಸ್ ಎಳೆಯಲು ಆರು ಕಂಬ, 1 ಲಕ್ಷ 70 ಸಾವಿರ. ಲೈನ್ ಬರಲು ಏಳು ತಿಂಗಳು. ಆ ಏಳು ತಿಂಗಳೂ ಬಡ್ಡಿ ಓಡುತ್ತಿತ್ತು. ತಟ್ಟೆಯ ಅಚ್ಚು (ಡೈ) ಮೂರು ಸಲ ಬದಲಾಯಿಸಿದೆ, 96 ಸಾವಿರ. ಹಾಳೆಯನ್ನು ಮಳೆಗೆ ಮುಂಚೆಯೇ ಕೂಡಿಡಬೇಕು. ಮೇ ಕೊನೆಯೊಳಗೆ 1 ಲಕ್ಷ 20 ಸಾವಿರ ಹಾಳೆ ತೆಗೆದೆ, ಎಲ್ಲ ನಗದು. ಆ ವರ್ಷ ಜುಲೈ ಮೂರನೇ ವಾರ ಶೆಡ್ಡಿನ ಬಾಗಿಲು ತೆಗೆದರೆ ಮೂಲೆಯ ಅಟ್ಟಿಯೆಲ್ಲ ಬೆಳ್ಳಗೆ. ಬೂಷ್ಟು. ಬೆರಳಿಟ್ಟರೆ ಹಿಟ್ಟು ಅಂಟಿದ ಹಾಗೆ. 31 ಸಾವಿರ ಹಾಳೆ ಗೊಬ್ಬರದ ಗುಂಡಿಗೆ ಹೋಯಿತು. ಆಮೇಲೆ ಒಣಗಿಸುವ ಕೋಣೆ ಕಟ್ಟಿಸಿದೆ, 85 ಸಾವಿರ.

ಅದೂ ದಾಟಿದೆ. 2025ರ ಮೇ ತಿಂಗಳಲ್ಲಿ ಅಮೆರಿಕದ ಎಫ್‌ಡಿಎ, ಅಂದರೆ ಅಲ್ಲಿನ ಆಹಾರ-ಔಷಧ ಇಲಾಖೆ, ಅಡಿಕೆ ಹಾಳೆ ತಟ್ಟೆ ಬೇಡ ಅಂದಿತು. ಹಾಳೆಯ ಆಲ್ಕಲಾಯ್ಡ್ ಅನ್ನುವ ರಾಸಾಯನಿಕ ಊಟಕ್ಕೆ ಇಳಿಯಬಹುದಂತೆ. ನಮ್ಮಜ್ಜಿ ಹಾಳೆಯಲ್ಲೇ ಉಂಡು 91 ವರ್ಷ ಬದುಕಿದಳು, ಅದನ್ನು ಯಾರಿಗೆ ಹೇಳೋದು? ನನ್ನ ಮಾಲು ತೆಗೆಯುತ್ತಿದ್ದ ರಫ್ತಿನವರು ಒಂದು ಫೋನ್ ಮಾಡಿದರು, ಅಷ್ಟೇ. 62 ಸಾವಿರ ತಟ್ಟೆ ಶೆಡ್ಡಿನಲ್ಲೇ ಉಳಿಯಿತು. ಈಗ ಮೂರು ಪ್ರೆಸ್ ಓಡುತ್ತಿವೆ. ಐದಕ್ಕೆ ಟಾರ್ಪಾಲ್ ಹೊದೆಸಿದ್ದೇನೆ.

ಲೇತ್ ಮಾಚೇನಹಳ್ಳಿ:
ಹಾಳೆಯವರೇ, ಬೇಜಾರು ಮಾಡ್ಕೋಬೇಡಿ. ಒಬ್ಬನೇ ಗಿರಾಕಿಯನ್ನು ನಂಬಿದ್ದು ನಿಮ್ಮ ತಪ್ಪು. ಅದಕ್ಕೆ ಆ ಹುಡುಗಿಗೆ ಯಾಕೆ ಬೇಡ ಅನ್ನುತ್ತೀರಿ?

ನಾನು ಬೆಳೆದವನು. ಅಪ್ಪ ಭದ್ರಾವತಿಯಲ್ಲಿ ಕಾರ್ಖಾನೆ ಕೆಲಸ ಬಿಟ್ಟ ಮೇಲೆ ಒಂದು ಹಳೇ ಲೇತ್ ಇಟ್ಟುಕೊಂಡಿದ್ದರು. ಇವತ್ತು ನನ್ನ ಹತ್ತಿರ ಎರಡು ವಿಎಂಸಿ (ಕಂಪ್ಯೂಟರಿನಿಂದ ಓಡುವ ಲೋಹ ಕೊರೆಯುವ ಮೆಷಿನ್) ಇವೆ, 14 ಜನ ಇದ್ದಾರೆ. ಫೌಂಡ್ರಿಯಿಂದ ಎರಕ ಬರುತ್ತದೆ, ನಾವು ಮಷಿನಿಂಗ್ ಮಾಡಿ ಕೊಡುತ್ತೇವೆ. ಮೊದಲ ವಿಎಂಸಿಗೆ 27 ಲಕ್ಷ. ಹೆಂಡತಿಯ ಬಳೆ ಎರಡು ವರ್ಷ ಬ್ಯಾಂಕಿನ ಲಾಕರಿನಲ್ಲಿತ್ತು, ನಮ್ಮ ಲಾಕರ್ ಅಲ್ಲ, ಅವರದ್ದು.

ಆದರೆ 60 ದಿನ ಅಂದಿದ್ದಾರಲ್ಲ, ಅದನ್ನು 130 ಅಂತ ಓದಿಕೊಳ್ಳಿ. ನನ್ನ ಒಂದು ಬಿಲ್ 8 ಲಕ್ಷ 40 ಸಾವಿರ, 137ನೇ ದಿನ ಬಂತು. ಕಾನೂನು ಏನೋ ಇದೆ. ಸಣ್ಣ ಉದ್ದಿಮೆಗಳ ಎಂಎಸ್ಎಂಇ ಕಾಯ್ದೆ, 2006ರದ್ದು. ಕರಾರು ಇದ್ದರೂ 45 ದಿನ ದಾಟುವ ಹಾಗಿಲ್ಲ. ದಾಟಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2024ರ ಏಪ್ರಿಲ್‌ನಿಂದ ಇನ್ನೊಂದು ಸೇರಿತು. ಸಮಯಕ್ಕೆ ಕೊಡದಿದ್ದರೆ ಖರೀದಿ ಮಾಡಿದವನಿಗೆ ಆ ವರ್ಷ ತೆರಿಗೆಯಲ್ಲಿ ಆ ಖರ್ಚು ತೋರಿಸಲು ಬರುವುದಿಲ್ಲ. ಕೇಳಲು ಚೆನ್ನಾಗಿದೆ, ಅಲ್ವಾ? ಸರ್ಕಾರದ ಪೋರ್ಟಲ್‌ನಲ್ಲಿ ದೂರು ಕೊಟ್ಟ ದಿನವೇ ನಿಮ್ಮ ಆರ್ಡರ್ ಮುಗಿಯಿತು ಅಂತ ತಿಳಿಯಿರಿ. ನಾನಂತೂ ಕೊಡಲಿಲ್ಲ. ಸಂಬಳ ಕೊಡಲು ಸೊಸೈಟಿಯಲ್ಲಿ ಕೈಸಾಲ ತೆಗೆದೆ.

ಹಾಳೆ ತಟ್ಟೆ:
ನಿಮಗೆಷ್ಟು ಗಿರಾಕಿ ಸ್ವಾಮಿ?

ಲೇತ್ ಮಾಚೇನಹಳ್ಳಿ:
ಇಬ್ಬರು. ಒಬ್ಬರದ್ದು 80 ಪರ್ಸೆಂಟ್. ಅದು ಬೇರೆ ವಿಷಯ.

ಹಾಳೆ ತಟ್ಟೆ:
ಹೌದು, ಬೇರೆಯೇ.

ನಿವೃತ್ತ ಬ್ಯಾಂಕಿನವ, ಸಾಗರ:
ಇಲ್ಲಿ ಅರ್ಧಂಬರ್ಧ ಮಾಹಿತಿ ಓಡಾಡುತ್ತಿದೆ. ಸಬ್ಸಿಡಿ ಮೂರು ವರ್ಷ ಕೂತಿರುತ್ತದೆ ನಿಜ. ಆದರೆ ಅಷ್ಟು ಮೊತ್ತದ ಸಾಲಕ್ಕೆ ಬಡ್ಡಿ ಹಾಕುವುದಿಲ್ಲ. ಅದನ್ನು ಹಾಳೆಯವರು ಹೇಳಲಿಲ್ಲ. ಮಹಿಳೆ, ಹಳ್ಳಿ ಅಂದರೆ ಪಿಎಂಇಜಿಪಿಯಲ್ಲಿ 35 ಪರ್ಸೆಂಟ್, ಕೈಯಿಂದ 5 ಪರ್ಸೆಂಟ್ ಹಾಕಿದರೆ ಸಾಕು. ಆದರೆ ಅದು ಹೊಸ ಘಟಕಕ್ಕೆ. ಆರು ವರ್ಷದಿಂದ ನಡೆಯುತ್ತಿರುವ ಉಪ್ಪಿನಕಾಯಿಗೆ ಪಿಎಂಎಫ್ಎಂಇ, ಅಂದರೆ ಸಣ್ಣ ಆಹಾರ ಘಟಕಗಳ ಯೋಜನೆ ನೋಡಬೇಕು. ಕೇಂದ್ರದ್ದು 35, ರಾಜ್ಯದ್ದು 15, ಒಟ್ಟು 50 ಪರ್ಸೆಂಟ್, ಹೆಚ್ಚೆಂದರೆ 15 ಲಕ್ಷ. ನಮ್ಮ ಜಿಲ್ಲೆಗೆ ಅದರಲ್ಲಿ ಆರಿಸಿದ ಬೆಳೆ ಅನಾನಸ್. ಹಾಗಂತ ಮಿಡಿಗೆ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

33 ವರ್ಷದಲ್ಲಿ ನಾನು ಕಂಡದ್ದು ಒಂದೇ. ಜನ ಮೆಷಿನ್ನಿಗೆ ಸಾಲ ಕೇಳುತ್ತಾರೆ, ಮಾಲಿಗೆ ಕೇಳುವುದಿಲ್ಲ. ಶೆಡ್ ಎದ್ದು ನಿಲ್ಲುತ್ತದೆ, ಒಳಗೆ ಹಾಕಲು ದುಡ್ಡಿರುವುದಿಲ್ಲ. ಮಿಡಿ ಬರುವುದು ಐದಾರು ವಾರ. ಸಾವಿರಕ್ಕೆ 2,500 ಅಂತಿಟ್ಟುಕೊಂಡರೂ ಲಕ್ಷ ಮಿಡಿಗೆ 2.5 ಲಕ್ಷ. ಮರ ಹತ್ತುವವನು 60 ದಿನ ಕಾಯುತ್ತಾನಾ? ಬೇಕಾದಾಗ ತೆಗೆದು ಕಟ್ಟುವ ಓವರ್‌ಡ್ರಾಫ್ಟ್ (ಓಡಿ) ಅಕೌಂಟ್ ಮೊದಲು, ಶೆಡ್ ಆಮೇಲೆ.

ಲಾಂಚ್ ಆಚೆ, ತುಮರಿ:
ಸರ್, ಓಡಿ ಕೇಳಲು ಬಂದವನಿಗೆ ನಿಮ್ಮಂಥವರು ಮೊದಲು ಏನು ಕೇಳುತ್ತೀರಿ? ಪಹಣಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನಮ್ಮಜ್ಜನ ಗದ್ದೆ ಮುಳುಗಿತು. ನಾಡಿಗೆ ಕರೆಂಟ್ ಬಂತು. ನಮಗೆ ಈ ಗುಡ್ಡ ತೋರಿಸಿದರು. ಇವತ್ತಿಗೂ ಹಕ್ಕುಪತ್ರ ಇಲ್ಲ. ಮನೆ ಇದೆ, ತೋಟ ಇದೆ, ಹಲಸಿನ ಹಪ್ಪಳ ಮಾಡುವ ಮೆಷಿನ್ ಇದೆ. ಕಾಗದ ಮಾತ್ರ ಇಲ್ಲ.

ನಾನು 4 ಲಕ್ಷ ಕೇಳಿದ್ದೆ. 11 ಸಲ ಹೋದೆ. ಆಗ ಸೇತುವೆ ಇರಲಿಲ್ಲ. ಬೆಳಿಗ್ಗೆ ಹಿನ್ನೀರು ದಾಟಿಸುವ ಲಾಂಚ್ ಹಿಡಿದು, ಅಂಬಾರಗೋಡ್ಲಿನಲ್ಲಿ ಬಸ್ಸಿಗೆ ಕಾದು, ಸಾಗರಕ್ಕೆ ಹೋಗಿ ಬರುವಷ್ಟರಲ್ಲಿ ಒಂದು ದಿನ ಹೋಯಿತು. ಹಲಸಿನ ಕಾಲ ಇರುವುದೇ ಎರಡು ತಿಂಗಳು. ಅದರಲ್ಲಿ 11 ದಿನ ಬ್ಯಾಂಕಿನ ಬೆಂಚಿಗೆ ಹೋಯಿತು. ಕೊನೆಗೆ 'ಜಾಮೀನಿಗೆ ಯಾರಾದರೂ ತೋಟದವರನ್ನು ಕರ್ಕೊಂಡು ಬನ್ನಿ' ಅಂದರು.

ನಿವೃತ್ತ ಬ್ಯಾಂಕಿನವ:
ಸಣ್ಣ ಉದ್ದಿಮೆಗೆ ನೀವು ಕೇಳಿದಷ್ಟು ಸಾಲಕ್ಕೆ ಅಡಮಾನ ಕೇಳಬಾರದು ಅಂತ ರಿಸರ್ವ್ ಬ್ಯಾಂಕಿನದ್ದೇ ನಿಯಮ ಇದೆ. ಅಂಥ ಸಾಲಕ್ಕೆ ಬ್ಯಾಂಕಿಗೆ ಜಾಮೀನು ನಿಲ್ಲುವ ಗ್ಯಾರಂಟಿ ಟ್ರಸ್ಟ್ ಇದೆ. ನೀವು ಲಿಖಿತವಾಗಿ ಕೇಳಬೇಕಿತ್ತು.

ಲಾಂಚ್ ಆಚೆ:
ಈಗ ಹೇಳುತ್ತೀರಿ. ಕುರ್ಚಿಯಲ್ಲಿದ್ದಾಗ ಎಷ್ಟು ಜನಕ್ಕೆ ಅಡಮಾನ ಇಲ್ಲದೆ ಕೊಟ್ಟಿರಿ, ಲೆಕ್ಕ ಹೇಳಿ.

ನಿವೃತ್ತ ಬ್ಯಾಂಕಿನವ:
ಕೊಟ್ಟಿದ್ದೇನೆ. ಅದರಲ್ಲಿ ಎಷ್ಟು ಜನ ಕಟ್ಟಿದರು ಅಂತಲೂ ಕೇಳಿ. ಒಬ್ಬರು ಅಣಬೆ ಘಟಕಕ್ಕೆ ಅಂತ ತೆಗೆದು ಬೈಕ್ ತಗೊಂಡರು. ವಸೂಲಿಗೆ ಹೋದರೆ ನಾಯಿ ಬಿಟ್ಟರು. ಬೈಗುಳವೆಲ್ಲ ನಮಗೇ.

ಲಾಂಚ್ ಆಚೆ:
ಬೈಕ್ ತಗೊಂಡವನ ಪಾಪ ನನ್ನ ತಲೆಗಾ? ಇರಲಿ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆಯಿತು. ಈಗ ಸಾಗರದ ವ್ಯಾನ್ ಮನೆ ಬಾಗಿಲಿಗೇ ಬರುತ್ತದೆ. ಬಂದವರು 'ಲಾಂಚಿನ ಖರ್ಚು ಉಳಿಯಿತಲ್ಲ' ಅಂತ ನೂರು ಹಪ್ಪಳಕ್ಕೆ 20 ರೂಪಾಯಿ ಕಡಿಮೆ ಕೇಳುತ್ತಾರೆ.

ಹಿತ್ತಲ ಬಾಗಿಲು, ಹೊಸನಗರ:
ಮಗಳೇ, ನಾನು 22 ವರ್ಷದಿಂದ ಮಿಡಿ ಹಾಕುತ್ತಿದ್ದೇನೆ. ವರ್ಷಕ್ಕೆ 12 ಸಾವಿರ. ಅದರ ಮೇಲೆ ಒಂದು ಮಿಡಿ ಇಲ್ಲ. ನನಗೂ ಬೆಂಗಳೂರಿನವರು ಬಂದಿದ್ದರು. ಕಾಫಿ ಕೊಟ್ಟು ಕಳಿಸಿದೆ.

ಮಿಡಿ ಕೊಯ್ಯುವುದನ್ನು ನೋಡಿದ್ದೀರಾ ಯಾರಾದರೂ? ಹೊಳೆ ಬದಿಯ ಮರ, ಎತ್ತರ. ಕೊಯ್ಯುವವನು ಮೇಲೆ ಬುಟ್ಟಿ ಕಟ್ಟಿಕೊಂಡು, ತುಂಬಿದ ಮೇಲೆ ಹಗ್ಗದಲ್ಲಿ ನಿಧಾನ ಇಳಿಸಬೇಕು. ಕೆಳಗೆ ನಿಂತವನು ಕೈಯಲ್ಲಿ ಹಿಡಿದು ಇಳಿಸಬೇಕು. ನೆಲಕ್ಕೆ ಬಿದ್ದ ಮಿಡಿ ಹೊರಗೆ ಚೆನ್ನಾಗಿಯೇ ಕಾಣುತ್ತದೆ. ಉಪ್ಪಿಗೆ ಹಾಕಿದ ಮೇಲೆ ಗೊತ್ತಾಗುತ್ತದೆ. ಅದೊಂದು ಕೊಳೆತರೆ ಸುತ್ತಲಿನದ್ದನ್ನೂ ಕೆಡಿಸುತ್ತದೆ. ತೊಟ್ಟು ಮುರಿದು ಸೊನೆ ಹೋಯಿತೋ, ಪರಿಮಳವೂ ಹೋಯಿತು. ಲಕ್ಷ ಮಿಡಿ ಬೇಕು ಅಂದರೆ ನೀನು ಗುತ್ತಿಗೆದಾರನ ಹತ್ತಿರ ಹೋಗುತ್ತೀ. ಅವನು ರಾತ್ರಿ ಕೊಂಬೆ ಬಡಿದು ಚೀಲದಲ್ಲಿ ತರುತ್ತಾನೆ. ಕೆಲವರು ಕೊಂಬೆಯನ್ನೇ ಕಡಿದು ತರುತ್ತಾರೆ. ಮುಂದಿನ ವರ್ಷ ಮರದಲ್ಲಿ ಏನಿರುತ್ತದೆ?

ಲೇತ್ ಮಾಚೇನಹಳ್ಳಿ:
ಅಮ್ಮಾ, ನಿಮಗೆ ತೋಟ ಇರಬೇಕು. ಅಡಿಕೆ ದುಡ್ಡು ಇರುವವರಿಗೆ ಉಪ್ಪಿನಕಾಯಿ ಹವ್ಯಾಸ. ಎಲ್ಲರೂ ಹೀಗೆ ಸಾಕು ಸಾಕು ಅಂತ ಕೂತರೆ ಊರಿನ ಮಕ್ಕಳಿಗೆ ಕೆಲಸ ಎಲ್ಲಿಂದ ಬರುತ್ತದೆ? ಭದ್ರಾವತಿಯ ಕಾಗದದ ಕಾರ್ಖಾನೆ ಎಂಪಿಎಂ ನಿಂತಿತು. ಉಕ್ಕಿನ ಕಾರ್ಖಾನೆ ವಿಐಎಸ್ಎಲ್ ಇವತ್ತು ನಾಳೆ ಅನ್ನುವ ಸ್ಥಿತಿ. 2023ರಲ್ಲಿ ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಆಯಿತು. ಅದರಲ್ಲಿ ನಮ್ಮ ಹುಡುಗರು ಬೆಂಗಳೂರಿಗೆ ಬೇಗ ಹೋಗುತ್ತಾರೆ, ಅಷ್ಟೇ.

ಹಿತ್ತಲ ಬಾಗಿಲು:
ತೋಟ ಒಂದೂವರೆ ಎಕರೆ. ಎರಡು ವರ್ಷದಿಂದ ಎಲೆಚುಕ್ಕಿ ರೋಗ. ಉಪ್ಪಿನಕಾಯಿಯಿಂದಲೇ ಮಗಳ ನರ್ಸಿಂಗ್ ಓದು ಮುಗಿದದ್ದು. ಹವ್ಯಾಸ ಅಂತೆ.

ಸಂಘದವ, ಶಿವಮೊಗ್ಗ:
ಒಬ್ಬೊಬ್ಬರೇ ಹೋದರೆ ಹೀಗೇ ಆಗುವುದು. 1939ರಲ್ಲಿ ಅಡಿಕೆ ಬೆಳೆಗಾರರು ಮ್ಯಾಮ್ಕೋಸ್ ಸಹಕಾರ ಸಂಘ ಕಟ್ಟದೆ ಇದ್ದಿದ್ದರೆ ಇವತ್ತಿಗೂ ದಲ್ಲಾಳಿ ಹೇಳಿದ್ದೇ ರೇಟು. ಅಪ್ಪೆಮಿಡಿಗೆ ಜಿಐ ಟ್ಯಾಗ್ (ಈ ಪ್ರದೇಶದ್ದೇ ಅನ್ನುವ ಗುರುತು) ಬಂದು ಎಷ್ಟೋ ವರ್ಷ ಆಯಿತು. ಎಷ್ಟು ಬಾಟಲಿ ಮೇಲೆ ಅದು ಕಾಣುತ್ತದೆ? ಹತ್ತು ಮನೆಯವರು ಹತ್ತು ಹತ್ತು ಸಾವಿರ ಹಾಕಿದರೆ ಲಕ್ಷ ಆಯಿತಲ್ಲ. ಶೆಡ್ಡೂ ಬೇಡ, ಸಾಲವೂ ಬೇಡ.

ಹಳೇ ಸಂಘದವಳು, ರಿಪ್ಪನ್‌ಪೇಟೆ:
ಹತ್ತು ಮನೆ ಅಂತ ಬರೆಯುವುದು ಸುಲಭ. ನಾವು 11 ಜನ ಸೇರಿ ಮಾಡಿದ್ದೆವು. ಒಬ್ಬಳು ಮಸಾಲೆಗೆ ಇಂಗು ಹಾಕುತ್ತಾಳೆ. ಇನ್ನೊಬ್ಬಳ ಮನೆಯಲ್ಲಿ ಇಂಗು ಮುಟ್ಟುವುದಿಲ್ಲ. ಒಬ್ಬಳು ಸಾಸಿವೆ ಹುರಿಯುತ್ತಾಳೆ, ಒಬ್ಬಳು ಹಸಿ ಅರೆಯುತ್ತಾಳೆ. ಒಂದೇ ಲೇಬಲ್, 11 ರುಚಿ. 400 ಬಾಟಲಿ ವಾಪಸ್ ಬಂತು. ಗಾಜು, ಸಾಗಣೆ, ಒಡೆದದ್ದು ಸೇರಿ 58 ಸಾವಿರ ನಷ್ಟ. ಯಾರ ಭರಣಿಯದ್ದು ಅಂತ ಗೊತ್ತಾಗದೆ 11 ಜನವೂ ಮಾತು ಬಿಟ್ಟೆವು. ಇವತ್ತಿಗೂ ಇಬ್ಬರು ಮದುವೆ ಮನೆಯಲ್ಲಿ ಸಿಕ್ಕರೆ ಪಂಕ್ತಿ ಬದಲಾಯಿಸುತ್ತಾರೆ.

ಸಂಘದವ:
ಮಸಾಲೆ ಒಂದು ಕಡೆ ಮಾಡಬೇಕಿತ್ತು. ಮನೆಗಳಲ್ಲಿ ಉಪ್ಪಿಗೆ ಹಾಕುವುದು ಮಾತ್ರ.

ಹಳೇ ಸಂಘದವಳು:
ಯಾರ ಮನೆ ಮಸಾಲೆ? ಅದನ್ನು ತೀರ್ಮಾನ ಮಾಡಲು ನೀವು ಬರುತ್ತಿದ್ದಿರಾ?

ಹಿತ್ತಲ ಬಾಗಿಲು:
ಮಿಡಿಗೆ ಇಂಗು ಹಾಕುವವರು ಮಿಡಿಯ ವಾಸನೆಯನ್ನೇ ನಂಬದವರು.

ಹಳೇ ಸಂಘದವಳು:
ನೋಡಿದಿರಾ? ಹೀಗೇ ಶುರುವಾಗಿದ್ದು.

ಭರಣಿ ಮನೆ:
ಎಲ್ಲರಿಗೂ ಧನ್ಯವಾದ. ಅಮ್ಮನಿಗೆ ಓದಿ ಹೇಳಿದೆ. ಅಣ್ಣ ಎದ್ದು ಹೋದ. ಡ್ರಮ್ಮಿನ ವಿಷಯ ಯಾರೂ ಹೇಳಲೇ ಇಲ್ಲ.

ಹಳೇ ಸಂಘದವಳು:
ಆಹಾರಕ್ಕೆ ಅಂತಲೇ ಬರುವ ಡ್ರಮ್ ತಗೋ. ಬಣ್ಣದ ಅಂಗಡಿಯ ಹಳೇ ಡ್ರಮ್ ಬೇಡ. 200 ಲೀಟರಿನದ್ದು ತಗೋಬೇಡ, ತಳದ ಮಿಡಿ ಭಾರಕ್ಕೆ ಒಡೆಯುತ್ತದೆ. 50 ಲೀಟರಿನದ್ದು ಸಾಕು. ಭರಣಿಯಲ್ಲಿ ಕೈ ಹಾಕಿ ತಿರುಗಿಸುತ್ತೀಯಲ್ಲ, ಇಲ್ಲಿ ಆಗುವುದಿಲ್ಲ. ಮುಚ್ಚಳ ಬಿಗಿ ಮಾಡಿ ದಿನಕ್ಕೊಮ್ಮೆ ಉರುಳಿಸು. ಇಲ್ಲದಿದ್ದರೆ ಮೇಲಿನದ್ದು ಚಿರುಟುವುದಿಲ್ಲ. ನಾವು ತೂಕದ ಕಾಲು ಭಾಗ ಕಲ್ಲುಪ್ಪು ಹಾಕುತ್ತಿದ್ದೆವು. ಇನ್ನೊಂದು, ಆ ಅಂಗಡಿಯವರು ಚೆನ್ನೈಗೆ ನೇರ ಕಳಿಸು ಅಂದರೆ ಹೂಂ ಅನ್ನಬೇಡ. 40 ಲಕ್ಷದವರೆಗೆ ಜಿಎಸ್‌ಟಿ ಬೇಡ ಅನ್ನುವುದು ರಾಜ್ಯದ ಒಳಗೆ ಮಾತ್ರ. ಒಂದು ಬಾಟಲಿ ಹೊರಗೆ ಹೋದರೂ ನೋಂದಣಿ ಬೇಕು. ನಮಗೆ ಗೊತ್ತಾದದ್ದು ನೋಟಿಸ್ ಬಂದ ಮೇಲೆ.

ಹಾಳೆ ತಟ್ಟೆ:
ನನ್ನ ಶೆಡ್ಡಿನಲ್ಲಿ ಅರ್ಧ ಖಾಲಿ ಇದೆ. ತ್ರೀಫೇಸ್ ಇದೆ, ಒಣ ಕೋಣೆ ಇದೆ, ರಸ್ತೆಗೆ ಹತ್ತಿರ. ನೀವು ಕಟ್ಟಿಸುವುದೇನೂ ಬೇಡ. ಈ ಒಂದು ಸೀಸನ್ನಿಗೆ ಬಾಡಿಗೆ ಮಾತಾಡೋಣ. ಮೊದಲು ಹೇಳಿದ 'ಬೇಡ' ಹಾಗೇ ಇದೆ.

ಹಿತ್ತಲ ಬಾಗಿಲು:
ಬೂಷ್ಟು ಬಂದ ಶೆಡ್ಡಿಗೆ ಮಿಡಿ ಒಯ್ಯಬೇಡ ಮಾರಾಯ್ತಿ.

ಹಾಳೆ ತಟ್ಟೆ:
ಅದು 2023ರದ್ದು. ಈಗ ಇಲ್ಲ. ಬೇಕಾದರೆ ಬಂದು ಬೆರಳಿಟ್ಟು ನೋಡಿ.