ಎರಡು 18.2 ಕೋಟಿ ಡಾಲರ್‌ಗಳ ನಡುವೆ ಜೈಂಟ್ಸ್: ತಪ್ಪು ಷರತ್ತಿನದೋ, ತಂಡದ್ದೋ?

ಸ್ಯಾನ್ ಹೊಸೆ ವಾಸಿ (ಪ್ರಶ್ನೆ, ಜನವರಿ 2025)

ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಬೇಸ್‌ಬಾಲ್ ತಂಡದ ಆಟವನ್ನು ತಪ್ಪದೆ ನೋಡುವ ಕನ್ನಡಿಗರು ಇಲ್ಲಿ ಕೆಲವರಾದರೂ ಇದ್ದೀರಿ ಎಂದು ನಂಬಿ ಈ ಪ್ರಶ್ನೆಯನ್ನು ಮುಂದಿಡುತ್ತಿದ್ದೇನೆ.

ಈ ಚಳಿಗಾಲದಲ್ಲಿ ಒಂದೇ ಮೊತ್ತ ಎರಡು ಸಲ ಸುದ್ದಿಯಾಯಿತು. ನವೆಂಬರ್ ಕೊನೆಯಲ್ಲಿ ನಮ್ಮ ಪಿಚರ್ (ಚೆಂಡೆಸೆಯುವವರು) ಬ್ಲೇಕ್ ಸ್ನೆಲ್ ಐದು ವರ್ಷಕ್ಕೆ 18.2 ಕೋಟಿ ಡಾಲರ್‌ಗೆ ಒಪ್ಪಿ, ಹೋಗಿ ಹೋಗಿ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡವನ್ನೇ ಸೇರಿದರು. ಡಿಸೆಂಬರ್ ಆರಂಭದಲ್ಲಿ ನಮ್ಮವರು ಅದೇ 18.2 ಕೋಟಿಯನ್ನು ಏಳು ವರ್ಷಕ್ಕೆ ಹಂಚಿ ಶಾರ್ಟ್‌ಸ್ಟಾಪ್ (ಎರಡನೆಯ ಮತ್ತು ಮೂರನೆಯ ಬೇಸ್‌ಗಳ ನಡುವೆ ಕಾಯುವವರು) ವಿಲ್ಲಿ ಅಡಾಮೆಸ್ ಅವರನ್ನು ಕರೆತಂದರು. ತಂಡದ ಇತಿಹಾಸದಲ್ಲೇ ಇದು ಅತಿ ದೊಡ್ಡ ಕರಾರು. ಇದಕ್ಕೆ ಮೊದಲಿನ ದಾಖಲೆ ಬಸ್ಟರ್ ಪೋಸಿ ಅವರು ಆಟಗಾರರಾಗಿದ್ದಾಗ 2013ರಲ್ಲಿ ಪಡೆದ ಒಂಬತ್ತು ವರ್ಷಗಳ 16.7 ಕೋಟಿಯದಾಗಿತ್ತು. ಅದನ್ನು ಮುರಿದವರೂ, ಈಗ ತಂಡದ ಕಾರುಬಾರಿನ ಮುಖ್ಯಸ್ಥರಾಗಿರುವ ಅದೇ ಪೋಸಿ.

ನನ್ನ ಬೇಸರ ಸ್ನೆಲ್ ಹೋದುದಕ್ಕಿಂತ ಅವರು ಹೋದ ರೀತಿಯ ಬಗ್ಗೆ. 2024ರ ಮಾರ್ಚ್‌ನಲ್ಲಿ ಅವರೊಡನೆ ಮಾಡಿಕೊಂಡದ್ದು ಎರಡು ವರ್ಷಗಳ 6.2 ಕೋಟಿಯ ಕರಾರು. ಮೊದಲ ವರ್ಷದ ಕೊನೆಗೆ ಮನಸ್ಸಾದರೆ ಹೊರನಡೆಯುವ ಆಪ್ಟ್‌ಔಟ್ ಹಕ್ಕು ಆಟಗಾರನ ಕೈಯಲ್ಲಿತ್ತು. ಈ ಷರತ್ತನ್ನು ಹಿಂದಿನ ಮುಖ್ಯಸ್ಥ ಫರ್ಹಾನ್ ಝೈದಿ ಅವರು ಮತ್ತೆ ಮತ್ತೆ ಕೊಟ್ಟರು. ಫಲವನ್ನು ನೋಡಿ: ಚೆನ್ನಾಗಿ ಆಡಿದ ಕಾರ್ಲೋಸ್ ರೋಡೋನ್ 2022ರ ನಂತರ ಹೊರಟರು, ಶಾನ್ ಮನಾಯಾ 2023ರ ನಂತರ ಹೊರಟರು, ಈಗ ಸ್ನೆಲ್ ಹೊರಟರು. ಅದೇ ಬಗೆಯ ಹಕ್ಕಿದ್ದೂ 2023ರಲ್ಲಿ ಅಷ್ಟಕ್ಕಷ್ಟೇ ಆಡಿದ ಮೈಕೆಲ್ ಕನ್‌ಫೋರ್ಟೊ ಮತ್ತು ರಾಸ್ ಸ್ಟ್ರಿಪ್ಲಿಂಗ್ ಹಕ್ಕನ್ನು ಬಳಸದೆ ಉಳಿದರು. ಈ ಸಲ ಏಳೇ ಪಂದ್ಯಗಳಲ್ಲಿ ಪಿಚ್ ಮಾಡಿದ ರಾಬಿ ರೇ ಕೂಡ ಮುಂದಿನ ಎರಡು ವರ್ಷಗಳ 5 ಕೋಟಿಯನ್ನು ಬಿಡದೆ ಉಳಿದಿದ್ದಾರೆ (ಅವರ ಷರತ್ತು ಸಿಯಾಟಲ್‌ನಿಂದ ಅವರ ಜೊತೆಗೇ ಬಂದದ್ದು ಎಂಬುದನ್ನು ಒಪ್ಪುತ್ತೇನೆ). ಅಂದರೆ ಗೆದ್ದರೆ ಆಟಗಾರನಿಗೆ, ಸೋತರೆ ತಂಡಕ್ಕೆ. ಇಂಥ ಕರಾರಿಗಿಂತ ಮೂರನೆಯ ಬೇಸ್ ಕಾಯುವ ಮ್ಯಾಟ್ ಚಾಪ್‌ಮನ್ ಅವರಿಗೆ ಆರು ವರ್ಷಕ್ಕೆ 15.1 ಕೋಟಿ, ಅಡಾಮೆಸ್ ಅವರಿಗೆ ಏಳು ವರ್ಷ ಎಂದು ದೀರ್ಘಕಾಲಕ್ಕೆ ಕೈಹಿಡಿಯುವ ಪೋಸಿಯವರ ದಾರಿಯೇ ಮೇಲು ಎಂಬುದು ನನ್ನ ಅನಿಸಿಕೆ. ಬಲ್ಲವರು ಏನೆನ್ನುತ್ತೀರಿ?

ಲೆಕ್ಕದ ಪುಸ್ತಕ

ಸರ್, ನಿಮ್ಮ ಪಟ್ಟಿ ಸರಿಯಾಗಿದೆ, ಆದರೆ ಅದರಿಂದ ನೀವು ತಲುಪಿದ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಹೊರನಡೆಯುವ ಷರತ್ತು ತಂಡ ಪುಕ್ಕಟೆಯಾಗಿ ಕೊಟ್ಟ ಉಡುಗೊರೆಯಲ್ಲ. ಐದಾರು ವರ್ಷಗಳ ಹೊಣೆ ಹೊರಲು ಒಲ್ಲದ ತಂಡ, ಆ ಹೊಣೆಯ ಬದಲಿಗೆ ತೆತ್ತ ಬೆಲೆ ಅದು. ಮೇಲಾಗಿ ದೀರ್ಘ ಕರಾರಿಗೆ ಝೈದಿ ಕೈಹಾಕಲೇ ಇಲ್ಲ ಎಂಬಂತೆ ಬರೆಯುವುದು ನ್ಯಾಯವಲ್ಲ. 2022ರ ಡಿಸೆಂಬರ್‌ನಲ್ಲಿ ಆರನ್ ಜಡ್ಜ್ ಅವರಿಗಾಗಿ ಪ್ರಯತ್ನಿಸಿದರು, ಅವರು ಒಂಬತ್ತು ವರ್ಷಗಳ 36 ಕೋಟಿಗೆ ಯಾಂಕೀಸ್‌ನಲ್ಲೇ ಉಳಿದರು. ಅದೇ ತಿಂಗಳು ಕಾರ್ಲೋಸ್ ಕೊರೆಯಾ ಅವರೊಡನೆ 13 ವರ್ಷಗಳ 35 ಕೋಟಿಗೆ ಮಾತಾಗಿ, ವೈದ್ಯಕೀಯ ಪರೀಕ್ಷೆಯ ಹಂತದಲ್ಲಿ ಎಲ್ಲವೂ ಮುರಿದುಬಿತ್ತು. ಮರುವರ್ಷ ಶೋಹೇ ಓಟಾನಿ 70 ಕೋಟಿಗೆ ಡಾಡ್ಜರ್ಸ್ ಸೇರಿದರು. ಹಸೆಮಣೆಯವರೆಗೆ ಬಂದ ಸಂಬಂಧಗಳೆಲ್ಲ ತಪ್ಪಿಹೋದ ಮನೆಯವರು ಆಮೇಲೆ ಷರತ್ತುಗಳಿಗೆ ತಲೆಬಾಗುವುದು ಸಹಜ.

ಸ್ನೆಲ್ ವಿಷಯದಲ್ಲಿ ನಿಜವಾದ ತಪ್ಪು ನಡೆದದ್ದು ಕರಾರಿಗೆ ಸಹಿ ಬಿದ್ದ ಮಾರ್ಚ್‌ನಲ್ಲಿ ಅಲ್ಲ, ಜುಲೈನಲ್ಲಿ. ವಸಂತದ ತರಬೇತಿಯನ್ನು ತಪ್ಪಿಸಿಕೊಂಡು ಬಂದ ಅವರ ಮೊದಲ ಆರು ಪಂದ್ಯಗಳ ಇಆರ್‌ಎ, ಅಂದರೆ ಒಂಬತ್ತು ಇನಿಂಗ್ಸ್‌ಗೆ ಬಿಟ್ಟುಕೊಟ್ಟ ರನ್‌ಗಳ ಸರಾಸರಿ, 9.51 ಆಗಿತ್ತು, ಕೊನೆಯ 14 ಪಂದ್ಯಗಳಲ್ಲಿ ಅದು 1.23. ಜುಲೈ 30ರ ವಿನಿಮಯದ ಗಡುವಿನ ಹೊತ್ತಿಗೆ ಅವರು ಲಯಕ್ಕೆ ಮರಳಿರುವುದೂ, ಹೀಗೇ ಆಡಿದರೆ ವರ್ಷದ ಕೊನೆಗೆ ಹೊರಡುವರೆಂಬುದೂ ಎಲ್ಲರಿಗೂ ಕಾಣುತ್ತಿತ್ತು. ಆಗ ಅವರನ್ನು ಬೇರೆ ತಂಡಕ್ಕೆ ಕೊಟ್ಟು ಎಳೆಯ ಆಟಗಾರರನ್ನು ಪಡೆಯಬಹುದಿತ್ತು. ತಂಡ ಅವರನ್ನು ಉಳಿಸಿಕೊಂಡಿತು. ಆಗಸ್ಟ್ 2ರಂದು ಸಿನ್ಸಿನಾಟಿಯಲ್ಲಿ ಅವರು ನೋ-ಹಿಟರ್ (ಎದುರಾಳಿಗೆ ಒಂದೂ ಹಿಟ್ ಕೊಡದ ಪಂದ್ಯ) ಎಸೆದರು, ನಾವೆಲ್ಲ ಕುಣಿದೆವು, ತಂಡ 80 ಗೆಲುವು, 82 ಸೋಲುಗಳೊಂದಿಗೆ ಮನೆಗೆ ಬಂತು.

ಇನ್ನೊಂದು ಅಂಶ. ರೋಡೋನ್ ಹೋದಾಗ ತಂಡ ಅವರಿಗೆ ಕ್ವಾಲಿಫೈಯಿಂಗ್ ಆಫರ್ (ನಿಗದಿತ ಸಂಬಳದ ಒಂದು ವರ್ಷದ ಕರಾರು) ಕೊಟ್ಟಿತ್ತು, ಅವರು ಅದನ್ನು ನಿರಾಕರಿಸಿದ್ದರಿಂದ ಪರಿಹಾರವಾಗಿ ಡ್ರಾಫ್ಟ್‌ನಲ್ಲಿ, ಅಂದರೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ವಾರ್ಷಿಕ ಸರದಿಯಲ್ಲಿ, ಒಂದು ಹೆಚ್ಚುವರಿ ಆಯ್ಕೆ ಸಿಕ್ಕಿತು; ಹಾಗೆ ನಿರಾಕರಿಸಿದವರನ್ನು ಕೊಳ್ಳುವ ತಂಡ ತನ್ನ ಆಯ್ಕೆಯನ್ನು ಕಳೆದುಕೊಳ್ಳುತ್ತದೆ. ಆದರೆ ಒಬ್ಬ ಆಟಗಾರನಿಗೆ ಆ ಆಫರ್ ಅನ್ನು ಬದುಕಿನಲ್ಲಿ ಒಂದೇ ಸಲ ಕೊಡಬಹುದು, ಸ್ನೆಲ್ ಅವರಿಗೆ ಅದು ಹಿಂದಿನ ತಂಡ ಸ್ಯಾನ್ ಡಿಯೇಗೊದಲ್ಲೇ ಮುಗಿದಿತ್ತು. ಹೀಗಾಗಿ ಅವರನ್ನು ತರಲು 2024ರ ಡ್ರಾಫ್ಟ್‌ನ ಮೂರನೆಯ ಸುತ್ತಿನ ಆಯ್ಕೆಯನ್ನು ಕಳೆದುಕೊಂಡ ನಾವು, ಅವರು ಹೋದಾಗ ಬರಿಗೈಯಲ್ಲಿ ನಿಂತೆವು. ಎರಡೂ ಕರಾರುಗಳಲ್ಲಿ ಷರತ್ತು ಒಂದೇ; ನಮಗೆ ದಕ್ಕಿದ್ದು ಮಾತ್ರ ಬೇರೆ ಬೇರೆ.

ಬಸವನಗುಡಿಯ ಕ್ರಿಕೆಟಿಗ

ಬೇಸ್‌ಬಾಲ್ ನನಗೆ ಹೊಸದು; ಮಗಳ ಮನೆಗೆ ಬಂದಾಗ ಕಲಿತದ್ದಷ್ಟೇ. ನವೆಂಬರ್‌ನಲ್ಲಿ ಜೆಡ್ಡಾದ ಐಪಿಎಲ್ ಹರಾಜಿನಲ್ಲಿ ನಮ್ಮ ರಾಹುಲ್ 14 ಕೋಟಿ ರೂಪಾಯಿಗೆ ಡೆಲ್ಲಿಯ ಪಾಲಾದಾಗ ನಾವು ಕೈಹಿಸುಕಿಕೊಂಡು ಸುಮ್ಮನಾದೆವು, ಏಕೆಂದರೆ ಅಲ್ಲಿ ಎಲ್ಲ ತಂಡಗಳ ಚೀಲವೂ ಒಂದೇ ಗಾತ್ರದ್ದು. ಇಲ್ಲಿ ಒಬ್ಬರಿಗೇ 70 ಕೋಟಿ ಡಾಲರ್ ಕೊಡುತ್ತಾರೆಂದರೆ ಮಿತಿಯೆಂಬುದೇ ಇಲ್ಲವೇ?

ಲೆಕ್ಕದ ಪುಸ್ತಕ

ಮಿತಿ ಇಲ್ಲ, ದಂಡ ಇದೆ. ಸಂಬಳದ ಮೊತ್ತ 2025ಕ್ಕೆ ನಿಗದಿಯಾಗಿರುವ 24.1 ಕೋಟಿ ಡಾಲರ್‌ಗಳನ್ನು ದಾಟಿದರೆ, ದಾಟಿದಷ್ಟಕ್ಕೆ ಮೊದಲ ವರ್ಷ ಶೇ. 20, ಸತತ ಎರಡನೆಯ ವರ್ಷ ಶೇ. 30, ಮೂರನೆಯ ವರ್ಷದಿಂದ ಶೇ. 50ರಷ್ಟು ತೆರಿಗೆ ಕಟ್ಟಬೇಕು. ಬಹಳ ದಾಟಿದರೆ ಇದರ ಮೇಲೆ ಇನ್ನೂ ಇದೆ. ಶ್ರೀಮಂತ ತಂಡಗಳು ತೆರಿಗೆಗೆ ಅಂಜುವುದಿಲ್ಲ. ಕಚ್ಚುವುದು ಬೇರೆಯೇ. ಕಳೆದ ವರ್ಷ ಜೈಂಟ್ಸ್ 23.7 ಕೋಟಿಯ ಗೆರೆಯನ್ನು ತುಸುವೇ ದಾಟಿತು. ಅಡಾಮೆಸ್ ಅವರು ಹಿಂದಿನ ತಂಡ ಮಿಲ್ವಾಕಿಯ ಕ್ವಾಲಿಫೈಯಿಂಗ್ ಆಫರ್ ನಿರಾಕರಿಸಿ ಬಂದವರಾದ್ದರಿಂದ, ಗೆರೆಯೊಳಗಿದ್ದಿದ್ದರೆ ಡ್ರಾಫ್ಟ್‌ನ ಎರಡನೆಯ ಆಯ್ಕೆಯೊಂದನ್ನೂ ವಿದೇಶದ ಎಳೆಯ ಆಟಗಾರರಿಗೆಂದು ಇಟ್ಟ ಹಣದಲ್ಲಿ 5 ಲಕ್ಷ ಡಾಲರನ್ನೂ ಬಿಟ್ಟುಕೊಟ್ಟರೆ ಸಾಕಿತ್ತು. ದಾಟಿದ ತಪ್ಪಿಗೆ ಐದನೆಯ ಆಯ್ಕೆಯೂ ಹೋಯಿತು, 5 ಲಕ್ಷ 10 ಲಕ್ಷವಾಯಿತು. ಪ್ಲೇಆಫ್‌ಗೂ ಹೋಗದ ವರ್ಷದಲ್ಲಿ ಗೆರೆ ದಾಟಿದ್ದು ನನ್ನ ದೃಷ್ಟಿಯಲ್ಲಿ ಷರತ್ತಿಗಿಂತ ದೊಡ್ಡ ಅವಿವೇಕ.

ಹಳೆಯ ಕ್ಯಾಚರ್

ದೀರ್ಘ ಕರಾರನ್ನು ಹೊಗಳುವ ಮೊದಲು ನಮ್ಮ ಹಳೆಯ ಪಿಚರ್ ಬ್ಯಾರಿ ಝೀಟೊ ಅವರನ್ನು ನೆನೆಯೋಣ. 2006ರ ಡಿಸೆಂಬರ್‌ನಲ್ಲಿ ಏಳು ವರ್ಷಕ್ಕೆ 12.6 ಕೋಟಿ. ಏಳು ವರ್ಷಗಳಲ್ಲಿ ನಮಗಾಗಿ ಅವರು ಗೆದ್ದದ್ದು 63, ಸೋತದ್ದು 80. ತಂಡ 2010ರಲ್ಲಿ ವಿಶ್ವ ಸರಣಿ (ಋತುವಿನ ಕೊನೆಯ ಪ್ರಶಸ್ತಿ ಸರಣಿ) ಗೆದ್ದಾಗ ಪ್ಲೇಆಫ್ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಕ್ರೀಡಾಂಗಣದಲ್ಲಿ ನಾನೇ ಅವರನ್ನು ಕೂಗಿ ಗೇಲಿ ಮಾಡಿದವರ ಸಾಲಿನಲ್ಲಿದ್ದೆ, ಅದಕ್ಕೆ ಈಗ ನಾಚಿಕೆಯಿದೆ. ಏಕೆಂದರೆ 2012ರಲ್ಲಿ, ಇನ್ನೊಂದು ಪಂದ್ಯ ಸೋತರೆ ಎಲ್ಲವೂ ಮುಗಿಯುತ್ತಿದ್ದ ಹೊತ್ತಿನಲ್ಲಿ ಸೇಂಟ್ ಲೂಯಿಸ್‌ಗೆ ಹೋಗಿ ಗೆಲ್ಲಿಸಿದವರು ಅವರೇ, ವಿಶ್ವ ಸರಣಿಯ ಮೊದಲ ಪಂದ್ಯ ಗೆಲ್ಲಿಸಿದವರೂ ಅವರೇ. ಆ ದಿನ ಎದುರಾಳಿ ಪಿಚರ್ ಯಾರು? ಡೆಟ್ರಾಯಿಟ್‌ನ ಜಸ್ಟಿನ್ ವರ್ಲ್ಯಾಂಡರ್. ಝೀಟೊ ಅವರ ಚೆಂಡು ಹಿಡಿಯುತ್ತಿದ್ದವರು ಪೋಸಿ. ಅದೇ ವರ್ಲ್ಯಾಂಡರ್ ಅವರಿಗೆ ಈಗ, 42ರ ಹೊಸ್ತಿಲಲ್ಲಿ, ಪೋಸಿಯವರು ಒಂದು ವರ್ಷಕ್ಕೆ 1.5 ಕೋಟಿ ಕೊಟ್ಟಿದ್ದಾರೆ. ಕಳೆದ ವರ್ಷದ ಅವರ ಇಆರ್‌ಎ 5.48 ಎಂದು ತಿಳಿದೂ ನನಗೆ ಇದು ಹಿಡಿಸಿತು. ಒಂದು ವರ್ಷದ ತಪ್ಪು ಒಂದೇ ವರ್ಷಕ್ಕೆ ತೀರುತ್ತದೆ.

ಅಡಾಮೆಸ್ ಕಳೆದ ವರ್ಷ 32 ಹೋಮ್‌ರನ್ (ಕ್ರಿಕೆಟ್ಟಿನ ಸಿಕ್ಸರ್‌ನಂಥ ಹೊಡೆತ) ಹೊಡೆದರು, 21 ಬೇಸ್ ಕದ್ದರು (ಹೊಡೆತಕ್ಕೆ ಕಾಯದೆ ಓಡಿ ಮುಂದಿನ ಬೇಸ್ ಹಿಡಿದರು), ವಯಸ್ಸು 29. ಮೊದಲ ಮೂರು ನಾಲ್ಕು ವರ್ಷಗಳ ಬಗ್ಗೆ ನನಗೆ ಚಿಂತೆಯಿಲ್ಲ. ಕರಾರಿನ ಕೊನೆಯ ಋತು 2031ರದು, ಅದು ಮುಗಿಯುವ ಮುನ್ನ ಅವರಿಗೆ 36 ತುಂಬುತ್ತದೆ. ಶಾರ್ಟ್‌ಸ್ಟಾಪ್ ಜಾಗಕ್ಕೆ ಬೇಕಾದ ಎರಡು ಹೆಜ್ಜೆಯ ಚುರುಕು ಎಲ್ಲಕ್ಕಿಂತ ಮೊದಲು ಹೋಗುತ್ತದೆ, ಆಗ ಅವರನ್ನು ಮೂರನೆಯ ಬೇಸ್‌ಗೆ ಸರಿಸೋಣವೆಂದರೆ ಅಲ್ಲಿ 2030ರವರೆಗೆ ಚಾಪ್‌ಮನ್ ಇದ್ದಾರೆ, ಅವರು ಅಡಾಮೆಸ್‌ಗಿಂತಲೂ ಹಿರಿಯರು. ಇನ್ನು ನಮ್ಮ ತವರು ಮೈದಾನ ಓರೇಕಲ್ ಪಾರ್ಕ್‌ನ, ಹೋಮ್‌ರನ್‌ಗೆ ಅಡ್ಡಬರುವ ಗಾಳಿ. 2024ರವರೆಗಿನ ಲೆಕ್ಕದಲ್ಲಿ ಜೈಂಟ್ಸ್ ಪರ ಒಂದು ಋತುವಿನಲ್ಲಿ 30 ಹೋಮ್‌ರನ್ ಹೊಡೆದ ಕೊನೆಯವರು ಬ್ಯಾರಿ ಬಾಂಡ್ಸ್, 2004ರಲ್ಲಿ. ದಾಂಡಿಗರು ನಮ್ಮೂರಿಗೆ ಬರಲು ಹಿಂದೆಮುಂದೆ ನೋಡುವುದರಿಂದ, ಬರುವವರಿಗೆ ಒಂದೆರಡು ವರ್ಷ ಹೆಚ್ಚು ಕೊಟ್ಟೇ ಕರೆತರಬೇಕಾಗುತ್ತದೆ. ಪೋಸಿಯವರು ತೆತ್ತದ್ದೂ ಬೆಲೆಯೇ. ಝೈದಿ ಮೊದಲ ವರ್ಷದ ಕೊನೆಗೆ ತೆರುತ್ತಿದ್ದರು, ಇವರು ಆರನೆಯ ವರ್ಷ ತೆರುತ್ತಾರೆ.

ಸ್ಯಾನ್ ಹೊಸೆ ವಾಸಿ

ಜುಲೈ ವಿಷಯದಲ್ಲಿ ಲೆಕ್ಕದ ಪುಸ್ತಕದವರ ಮಾತನ್ನು ಒಪ್ಪಿದೆ. ನೋ-ಹಿಟರ್ ನೋಡಿದ ಸಂತೋಷದಲ್ಲಿ ನಾನು ಆ ಗಡುವನ್ನು ಮರೆತೇಬಿಟ್ಟಿದ್ದೆ. ಆದರೂ ಒಂದು ಮಾತು. ಮಾರುಕಟ್ಟೆಗೆ ಬಂದ ಮೇಲೆ ಕೊಳ್ಳುವುದಕ್ಕೂ, ನಮ್ಮವರಾಗಿರುವಾಗಲೇ ಮಾತಾಡಿ ಉಳಿಸಿಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಚಾಪ್‌ಮನ್ ಅವರ ಹಳೆಯ ಮೂರು ವರ್ಷಗಳ ಕರಾರಿನಲ್ಲೂ ಹೊರನಡೆಯುವ ಷರತ್ತಿತ್ತು. ಅವರು ಅದನ್ನು ಬಳಸುವ ಮೊದಲೇ, ಸೆಪ್ಟೆಂಬರ್‌ನಲ್ಲಿ, ಇನ್ನೂ ಮುಖ್ಯಸ್ಥರಾಗಿರದ ಪೋಸಿಯವರೇ ನೇರವಾಗಿ ಮಾತುಕತೆಗೆ ಕೂತು ಹೊಸ ಕರಾರನ್ನು ಮುಗಿಸಿದರು. ಪಿಚರ್ ಲೋಗನ್ ವೆಬ್ ಅವರಿಗೂ 2023ರಲ್ಲಿ ಹೀಗೆಯೇ ಐದು ವರ್ಷಕ್ಕೆ 9 ಕೋಟಿ ಕೊಟ್ಟು ಉಳಿಸಿಕೊಂಡರು, ಅದು ಝೈದಿಯವರ ಕಾಲದ್ದೇ. ಆ ಶ್ರೇಯಸ್ಸನ್ನು ನಾನು ಅವರಿಗೆ ಕೊಡಲೇಬೇಕು.

ಈಗ ನನ್ನ ಕಣ್ಣು ನಮ್ಮ ದಾಂಡಿಗ ಜಂಗ್ ಹೂ ಲೀ ಅವರ ಮೇಲಿದೆ. ಆರು ವರ್ಷಕ್ಕೆ 11.3 ಕೋಟಿಯ ಅವರ ಕರಾರಿನಲ್ಲಿ 2027ರ ಕೊನೆಗೆ ಹೊರನಡೆಯುವ ಹಕ್ಕಿದೆ, ಮತ್ತು ಭುಜದ ಪೆಟ್ಟಿನಿಂದಾಗಿ ಮೊದಲ ವರ್ಷ ಅವರು ಆಡಿದ್ದು 37 ಪಂದ್ಯಗಳನ್ನು ಮಾತ್ರ. ಮುಂದಿನ ಎರಡು ವರ್ಷ ಅವರು ಸೊಗಸಾಗಿ ಆಡಿದರೆ, 2026ರ ಚಳಿಗಾಲದಲ್ಲೇ ಪೋಸಿಯವರು ಅವರ ಮುಂದೆ ಹೊಸ ಕಾಗದ ಇಡುತ್ತಾರೋ, 2027ರ ಕೊನೆಯವರೆಗೆ ಕಾಯುತ್ತಾರೋ? ಹಳೆಯ ಕ್ಯಾಚರ್ ಅವರೇ, 2026ರ ಚಳಿಗಾಲದಲ್ಲಿ ಲೀ ಅವರಿಗೆ 28. ನೀವಾಗಿದ್ದರೆ ಎಷ್ಟು ವರ್ಷ ಬರೆಯುತ್ತಿದ್ದಿರಿ?

ಹಳೆಯ ಕ್ಯಾಚರ್

ಐದು. ಆರನೆಯದನ್ನು ಅವರ ಏಜೆಂಟ್ ಕೇಳುತ್ತಾರೆ, ನಾನು ಬೈದುಕೊಂಡು ಕೊಡುತ್ತೇನೆ.